ಮೊರ್ಗೋಂ: ಮನೆಯವರೇ ಬೆಳೆದು ಮಾಡುವ ಫ್ರೆಂಚ್ ಕೆಂಪು ವೈನನ್ನು ಆರಿಸಿ, ತಂದು, ಸರಿಯಾಗಿ ಕುಡಿಯುವ ಬಗೆ

ಲಿಯೋಂನಲ್ಲಿ ಓದುತ್ತಿದ್ದಾಗ ಒಂದು ಸೆಪ್ಟೆಂಬರ್‌ನಲ್ಲಿ ಹತ್ತು ದಿನ ದ್ರಾಕ್ಷಿ ಕೊಯ್ಯುವ ಕೆಲಸಕ್ಕೆ ಹೋಗಿದ್ದೆ. ಊರು ವಿಲ್ಯೇ-ಮೊರ್ಗೋಂ. ತೋಟ ಗಂಡ ಹೆಂಡತಿ ಇಬ್ಬರದ್ದು. ಅವರಿಗಿಂತ ಮುಂಚೆ ಗಂಡನ ಅಪ್ಪನದ್ದು, ಅದಕ್ಕೂ ಮುಂಚೆ ಅಜ್ಜನದ್ದು. ಮಧ್ಯಾಹ್ನ ಕೂಲಿಯವರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದದ್ದು ಆ ಮನೆಯ ಅಜ್ಜಿ. ಉದ್ದನೆಯ ಮರದ ಮೇಜು, ಮಧ್ಯದಲ್ಲಿ ಲೇಬಲ್ಲೇ ಇಲ್ಲದ ನಾಲ್ಕೈದು ಬಾಟಲಿ. ಸೊಂಟ ಹಿಡಿದುಕೊಂಡು ಬಂದು ಕೂತವರಿಗೆ ಆ ತಣ್ಣನೆಯ ಕೆಂಪು ವೈನ್ ಒಂದು ಗುಟುಕು ಇಳಿದರೆ ಸಾಕು, ಜೀವ ಬಂದ ಹಾಗಾಗುತ್ತಿತ್ತು.

ಈಗ ಫ್ರಾನ್ಸಿಗೆ ಹೊರಟವರು ಯಾರೇ ಆಗಲಿ ಕೇಳುವುದು ಒಂದೇ. "ಒಳ್ಳೆ ರೆಡ್ ವೈನ್ ತರಬೇಕು, ಯಾವುದು ತರಲಿ?" ನಾನು ಹೇಳುವುದೂ ಒಂದೇ. ಬ್ರ್ಯಾಂಡ್ ಹುಡುಕಬೇಡಿ, ಬೆಳೆ ಹುಡುಕಿ. ಯಾರು ಬೆಳೆದರು, ಯಾವ ಗುಡ್ಡದಲ್ಲಿ ಬೆಳೆದರು, ಯಾವ ವರ್ಷದ್ದು. ಈ ಮೂರು ಗೊತ್ತಾದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಏನಿದ್ದರೂ ಅದನ್ನು ಬಿಸಿಲಿನಿಂದ ಕಾಪಾಡುವುದು. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಹಂತ 1: ಏನು ಕೊಳ್ಳುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಮೊರ್ಗೋಂ ಅನ್ನುವುದು ಕಂಪನಿಯ ಹೆಸರಲ್ಲ, ಜಾಗದ ಹೆಸರು. ಲಿಯೋಂನಿಂದ ಉತ್ತರಕ್ಕೆ, ಸೋನ್ ನದಿಯ ಪಶ್ಚಿಮಕ್ಕೆ ಬೊಜೊಲೆ ಅನ್ನುವ ಗುಡ್ಡಗಾಡು ಸೀಮೆ ಇದೆ. ಅಲ್ಲಿ 10 ಊರು-ಗುಡ್ಡಗಳ ವೈನಿಗೆ ‘ಕ್ರ್ಯು’ ಅನ್ನುವ ಮೇಲ್ದರ್ಜೆ ಇದೆ. ಮೊರ್ಗೋಂ ಅದರಲ್ಲೊಂದು. 1936ರಲ್ಲೇ ಇದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಫ್ಲರಿ, ಮುಲ್ಯಾಂ-ಆ-ವಾಂ, ಬ್ರುಯಿ ಇವೆಲ್ಲ ಇದರ ಅಕ್ಕಪಕ್ಕದವು. ಕೊನೆಗೆ ಸೇರಿದ್ದು ರೆನ್ಯೇ, 1988ರಲ್ಲಿ.

ಹಣ್ಣು ಒಂದೇ ಜಾತಿ, ಗಮೇ. ಕಪ್ಪು ಸಿಪ್ಪೆ, ಒಳಗೆ ಬಿಳಿ ರಸ. ಈ ಗಿಡದ ಕಥೆ ನನಗೆ ತುಂಬ ಇಷ್ಟ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಇದು ಕೆಟ್ಟ ಗಿಡ, ನಂಬಿಕೆಗೆ ಲಾಯಕ್ಕಲ್ಲ ಅಂತ ಹೇಳಿ ತನ್ನ ಸೀಮೆಯಿಂದ ಕಿತ್ತುಹಾಕಲು ಆಜ್ಞೆ ಮಾಡಿದ. ಬೊಜೊಲೆ ಅವನ ಆಡಳಿತದ ಹೊರಗಿತ್ತು. ಅಲ್ಲಿನ ಕಲ್ಲುನೆಲದಲ್ಲಿ ಅದೇ ಗಿಡ ಚೆನ್ನಾಗಿ ಬೇರು ಬಿಟ್ಟಿತು.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ನವೆಂಬರ್ ತಿಂಗಳ ಮೂರನೇ ಗುರುವಾರ ಲೋಕವೆಲ್ಲ ಗದ್ದಲ ಎಬ್ಬಿಸಿ ಬರುವ ‘ಬೊಜೊಲೆ ನೂವೋ’ ಬೇರೆ. ಅದು ಕೊಯ್ಲಾದ ಕೆಲವೇ ವಾರಗಳಲ್ಲಿ ಮಾರುವ ಎಳೆ ವೈನ್. ಕ್ರ್ಯು ವೈನನ್ನು ಹಾಗೆ ಮಾರುವಂತಿಲ್ಲ. ನೂವೋ ಕುಡಿದು "ಬೊಜೊಲೆ ಅಂದ್ರೆ ಇಷ್ಟೇನಾ" ಅಂದುಕೊಂಡವರು ಮೊರ್ಗೋಂ ಒಂದ್ಸಲ ಕುಡಿದು ನೋಡಬೇಕು.

ಹಂತ 2: ಲೇಬಲ್ ಓದುವುದು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅಂಗಡಿಯಲ್ಲಿ ‘ಮನೆತನದ ವೈನ್’ ಅಂತ ಕಾಣುವುದೆಲ್ಲ ಹಾಗಿರುವುದಿಲ್ಲ.

ದೊಡ್ಡಕ್ಷರದಲ್ಲಿ ಮೊರ್ಗೋಂ ಅಂತ ಇರುತ್ತದೆ. ಅದರ ಕೆಳಗೆ ‘ಅಪೆಲಾಸಿಯೋಂ ಮೊರ್ಗೋಂ ಕೋಂತ್ರೊಲೇ’ ಅಥವಾ ‘ಪ್ರೊತೆಜೇ’ ಅನ್ನುವ ಸಾಲು. ಇದರಿಂದ ಜಾಗ ಖಾತ್ರಿಯಾಯಿತು. ಯಾರು ಬೆಳೆದರು ಅನ್ನುವುದಕ್ಕೆ ಇನ್ನೂ ಕೆಳಗೆ, ಸಣ್ಣಕ್ಷರದಲ್ಲಿ ನೋಡಿ. ‘ಮೀಸ್ ಆಂ ಬುತೇಯ್ ಓ ದೊಮೇನ್’ ಅಂತಿದ್ದರೆ ಆ ತೋಟದಲ್ಲೇ ಬಾಟಲಿಗೆ ತುಂಬಿದ್ದು ಅಂತ ಅರ್ಥ. ‘ಆ ಲಾ ಪ್ರೊಪ್ರಿಯೆತೇ’, ಅಂದರೆ ಸ್ವಂತ ಜಾಗದಲ್ಲಿ ತುಂಬಿದ್ದು ಅಂತಿದ್ದರೆ ಸ್ವಲ್ಪ ಯೋಚಿಸಿ. ಸಣ್ಣ ರೈತರೂ ಹಾಗೆ ಬರೆಯುತ್ತಾರೆ, ಅನೇಕ ರೈತರ ದ್ರಾಕ್ಷಿ ಸೇರಿಸಿ ವೈನ್ ಮಾಡುವ ಸಹಕಾರ ಸಂಘದವರೂ ಬರೆಯಬಹುದು. ‘ದಾಂ ನೋ ಕಾವ್’, ಅಂದರೆ ನಮ್ಮ ನೆಲಮಾಳಿಗೆಯಲ್ಲಿ ತುಂಬಿದ್ದು ಅಂತಿದ್ದರೆ ಅದು ಹೆಚ್ಚಾಗಿ ವ್ಯಾಪಾರಿಯ ವೈನ್.

ಕಾರ್ಕಿನ ಮೇಲಿನ ಮುಚ್ಚಳದ ಹೊದಿಕೆ ನೋಡಿ. ಅದರ ಮೇಲೆ ಸಾಮಾನ್ಯವಾಗಿ ಫ್ರೆಂಚ್ ಗಣರಾಜ್ಯದ ಹೆಣ್ಣುಮುಖ, ಮರಿಯಾನ್, ಅಚ್ಚಾಗಿರುತ್ತದೆ. ಸುಂಕ ಕಟ್ಟಿದ್ದಕ್ಕೆ ಗುರುತು ಅದು. ಅನೇಕ ಬಾಟಲಿಗಳಲ್ಲಿ ಪಕ್ಕದಲ್ಲಿ ‘ಆರ್’ ಅಕ್ಷರವೂ ಇರುತ್ತದೆ. ‘ರೆಕೋಲ್ತಾಂ’, ಅಂದರೆ ಬೆಳೆದವನೇ ಮಾಡಿದ್ದು. ‘ಎನ್’ ಇದ್ದರೆ ವ್ಯಾಪಾರಿ. ಇನ್ನೊಂದು ಗುರುತು, ಬೆನ್ನ ಮೇಲೆ ಪೀಪಾಯಿ ಹೊತ್ತ ಮನುಷ್ಯನ ಚಿತ್ರ. ಅದು ಸ್ವತಂತ್ರ ದ್ರಾಕ್ಷಿ ಬೆಳೆಗಾರರ ಸಂಘದ್ದು. ಸ್ವಂತ ತೋಟದ ಹಣ್ಣಿನಿಂದ ತಾವೇ ವೈನ್ ಮಾಡಿ, ತಾವೇ ಬಾಟಲಿಗೆ ತುಂಬುವವರಿಗೆ ಸಿಗುತ್ತದೆ. ನಾನು ಮೊದಲು ಹುಡುಕುವುದು ಇದನ್ನೇ.

‘ವಿಯೇಯ್ ವಿನ್ಯ್’, ಅಂದರೆ ಹಳೆ ಬಳ್ಳಿ ಅಂತ ಬರೆದಿದ್ದರೆ ಮರುಳಾಗಬೇಡಿ. ಎಷ್ಟು ವರ್ಷಕ್ಕೆ ಹಳೆಯದು ಅನ್ನುವುದಕ್ಕೆ ಕಾನೂನೇ ಇಲ್ಲ. ನೇರವಾಗಿ ಕೇಳಿ. ಒಳ್ಳೆ ಬೆಳೆಗಾರ "ತೋಟದ ಈ ಪಟ್ಟಿ ಅಜ್ಜ ನೆಟ್ಟಿದ್ದು" ಅಂತ ಕೈ ತೋರಿಸಿ ಹೇಳುತ್ತಾನೆ.

ವ್ಯಾಪಾರಿಗಳ ವೈನ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವೂ ಇವೆ. ಆದರೆ ಒಂದೇ ಮನೆಯವರು ಗಿಡದಿಂದ ಬಾಟಲಿಯ ತನಕ ನೋಡಿಕೊಂಡ ವೈನಿನಲ್ಲಿ ಆ ವರ್ಷ, ಆ ನೆಲ ಎದ್ದು ಕಾಣುತ್ತದೆ. ನನಗೆ ಬೇಕಾದದ್ದು ಅದು.

ಹಂತ 3: ಗುಡ್ಡ ಮತ್ತು ವರ್ಷ ಆರಿಸಿ

ಮೊರ್ಗೋಂನಲ್ಲಿ ಆರು ಭಾಗಗಳ ಹೆಸರು ಬಳಕೆಯಲ್ಲಿದೆ: ಕೋತ್ ದ್ಯು ಪಿ, ಕೊರ್ಸಲೆತ್, ಗ್ರಾಂ ಕ್ರಾ, ಲೇ ಶಾರ್ಮ್, ದೂಬಿ, ಲೇ ಮಿಕೂ. ಎಲ್ಲ ನೆನಪಿಡಬೇಕಿಲ್ಲ. ಎರಡು ಸಾಕು.

ಕೋತ್ ದ್ಯು ಪಿ ಅನ್ನುವುದು ಊರಿನ ಪಕ್ಕದ ಬೋಳು ಗುಡ್ಡ. ಅಲ್ಲಿನ ನೀಲಿ-ಬೂದು ಕಲ್ಲಿಗೆ ಅಲ್ಲಿನವರು ‘ಕೊಳೆತ ಕಲ್ಲು’ ಅನ್ನುತ್ತಾರೆ. ಕೊಯ್ಲಿನ ಮೂರನೇ ದಿನ ಮನೆಯೊಡತಿ ಅಂಥ ಒಂದು ಕಲ್ಲನ್ನು ನನ್ನ ಅಂಗೈ ಮೇಲಿಟ್ಟು "ಒತ್ತಿ ನೋಡಿ" ಅಂದರು. ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಉದುರಿತು. ಒಳಗೆ ತುಕ್ಕಿನ ಬಣ್ಣ. ಬೇರು ಇದರ ಸಂದಿಯಲ್ಲೇ ಕೆಳಗಿಳಿಯುತ್ತದೆ. ಈ ಗುಡ್ಡದ ವೈನ್ ಗಟ್ಟಿ, ಬಣ್ಣ ದಟ್ಟ, ಎಳೆಯದಾಗಿದ್ದಾಗ ಸ್ವಲ್ಪ ಬಿಗಿ. ಐದರಿಂದ ಹತ್ತು ವರ್ಷ ಇಡಬಹುದು. ಕೊರ್ಸಲೆತ್ ಕಡೆ ಮರಳು ಮಿಶ್ರಿತ ಗ್ರಾನೈಟ್ ನೆಲ. ಅಲ್ಲಿನದು ಪರಿಮಳ ಜಾಸ್ತಿ, ಮೃದು, ಬೇಗ ಕುಡಿಯಬಹುದು. ಮೊದಲ ಬಾರಿ ಕೊಳ್ಳುವವರು ಒಂದು ಇದು, ಒಂದು ಅದು ತಗೊಳ್ಳಿ. ಒಂದೇ ಹಣ್ಣು, ನಾಲ್ಕು ಹೆಜ್ಜೆ ಆಚೀಚೆ ಆದರೆ ಎಷ್ಟು ಬೇರೆ ಅಂತ ನಾಲಿಗೆಗೇ ಗೊತ್ತಾಗುತ್ತದೆ.

ವರ್ಷವೂ ಮುಖ್ಯ. 2003ರಲ್ಲಿ ಬಿಸಿಲು ಎಷ್ಟಿತ್ತೆಂದರೆ ಆಗಸ್ಟ್ ಮಧ್ಯದಲ್ಲೇ ಕೊಯ್ಲು ಶುರುವಾಗಿತ್ತು. 2020 ಕೂಡ ಬಿಸಿ ವರ್ಷ, ಅದರ ವೈನ್ ತುಂಬುಮೈಯದು. 2021ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋಯಿತು, ಬೇಸಿಗೆಯೂ ತಂಪಾಗಿತ್ತು. ಆ ವರ್ಷದ ವೈನ್ ತೆಳು, ಹುಳಿ ಸ್ವಲ್ಪ ಮುಂದು. ಕೆಲವರಿಗೆ ಅದೇ ಇಷ್ಟ. ನನಗೂ.

ಹಂತ 4: ಹೇಗೆ ಮಾಡುತ್ತಾರೆ ಅಂತ ಒಮ್ಮೆ ನೋಡಿ

ಇದು ಕೊಳ್ಳುವವರಿಗೆ ಯಾಕೆ ಬೇಕು ಅನ್ನಿಸಬಹುದು. ಬೇಕು. ಎಷ್ಟು ತಂಪು ಮಾಡಬೇಕು, ಯಾವ ಊಟಕ್ಕೆ ಒಗ್ಗುತ್ತದೆ ಅನ್ನುವುದೆಲ್ಲ ಇಲ್ಲಿಂದಲೇ ಗೊತ್ತಾಗುವುದು.

ನಮ್ಮ ವಿಜಯಪುರದ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, ಚಾಟ್ನಿ, ಅಂದರೆ ಬಳ್ಳಿ ಕತ್ತರಿಸಿ ಸವರುವುದು, ಮಾಡುತ್ತಾರಲ್ವಾ? ಅಲ್ಲಿ ಒಂದೇ ಸಲ, ಚಳಿಗಾಲದಲ್ಲಿ. ಚಪ್ಪರವೂ ಇಲ್ಲ. ಹಳೆ ತೋಟಗಳಲ್ಲಿ ಬಳ್ಳಿಯನ್ನು ಗಿಡ್ಡ ಪೊದೆಯಾಗಿ, ಮೇಲ್ಮುಖ ಬಟ್ಟಲಿನ ಆಕಾರಕ್ಕೆ ಬೆಳೆಸುತ್ತಾರೆ. ಹೆಕ್ಟೇರಿಗೆ 10,000 ಗಿಡದ ತನಕ ಒತ್ತೊತ್ತಾಗಿ ನೆಟ್ಟಿರುತ್ತಾರೆ. ಗೊಂಚಲು ಮೊಣಕಾಲಿನ ಎತ್ತರದಲ್ಲಿ. ಹಾಗಾಗಿ ಕೊಯ್ಯುವವರು ದಿನವಿಡೀ ಬಗ್ಗಿಯೇ ಇರಬೇಕು.

ಗೊಂಚಲನ್ನು ಒಡೆಯದೆ, ತೊಟ್ಟಿನ ಸಮೇತ ಇಡಿಯಾಗಿ ಸಿಮೆಂಟ್ ತೊಟ್ಟಿಗೆ ಹಾಕುತ್ತಾರೆ. ಕೆಳಗಿನ ಹಣ್ಣು ಮೇಲಿನ ಭಾರಕ್ಕೆ ಒಡೆದು ರಸ ಬಿಡುತ್ತದೆ. ಆ ರಸ ಹುದುಗತೊಡಗಿದಾಗ ಇಂಗಾಲದ ಡೈಆಕ್ಸೈಡ್ ಎದ್ದು ತೊಟ್ಟಿ ತುಂಬುತ್ತದೆ. ಮೇಲಿರುವ ಇಡೀ ಹಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಸಿಪ್ಪೆ ಒಡೆಯದೆಯೇ ಹಣ್ಣಿನ ಒಳಗೇ ಹುದುಗುವಿಕೆ ಶುರುವಾಗುತ್ತದೆ. ಬೊಜೊಲೆ ವೈನಿನ ಆ ಹಣ್ಣಿನ ಪರಿಮಳ ಹುಟ್ಟುವುದು ಇಲ್ಲಿಂದ. ಒಗರು ಕಡಿಮೆ ಇರುವುದಕ್ಕೂ ಇದೇ ಕಾರಣ. ನೂವೋ ಆದರೆ ನಾಲ್ಕೈದು ದಿನದಲ್ಲಿ ತೆಗೆದುಬಿಡುತ್ತಾರೆ. ಮೊರ್ಗೋಂ ತೊಟ್ಟಿಯಲ್ಲಿ ಎರಡು ವಾರದ ಆಸುಪಾಸು ಇರುತ್ತದೆ.

ಆಮೇಲೆ ಹಿಂಡುತ್ತಾರೆ. ಹಿಂಡಿದಾಗ ಹರಿದು ಬರುವ ಅರ್ಧ ಹುದುಗಿದ ಸಿಹಿ ರಸಕ್ಕೆ ಅಲ್ಲಿ ‘ಪಾರಾದೀ’ ಅನ್ನುತ್ತಾರೆ. ಸ್ವರ್ಗ ಅಂತ. ನಮ್ಮ ಕೊಯ್ಲಿನ ಕೊನೆಯ ಸಂಜೆ ಮೊದಲು ತುಂಬಿದ ತೊಟ್ಟಿ ಹಿಂಡಿದರು. ಯಜಮಾನರು ಗ್ಲಾಸ್ ಹಿಡಿದು ಪ್ರೆಸ್ಸಿನ ಬಾಯಿಗೆ ಒಡ್ಡಿ, ತುಂಬಿಸಿ ಎಲ್ಲರಿಗೂ ಒಂದೊಂದು ಕೊಟ್ಟರು. ಬೆಚ್ಚಗಿತ್ತು, ನೊರೆನೊರೆ, ಕಬ್ಬಿನ ಹಾಲಿನಷ್ಟು ಸಿಹಿ, ಹಿಂದೆಯೇ ಸಣ್ಣ ಚುರುಕು. ಅದನ್ನು ಬಾಟಲಿಯಲ್ಲಿ ತರಲಾಗುವುದಿಲ್ಲ, ಅಂಗಡಿಯಲ್ಲಿ ಸಿಗುವುದೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿದ್ದರೆ ಮಾತ್ರ.

ರಸ ಪೂರ್ತಿ ವೈನ್ ಆದ ಮೇಲೆ ಹಳೆ ಮರದ ಪೀಪಾಯಿ ಇಲ್ಲವೇ ತೊಟ್ಟಿಯಲ್ಲಿ ಚಳಿಗಾಲ ಕಳೆಯುತ್ತದೆ. ಮರುವರ್ಷ ಬಾಟಲಿಗೆ.

ಇನ್ನೊಂದು ವಿಷಯ. ಇಲ್ಲಿನ ರಸಾಯನ ತಜ್ಞ ಝೂಲ್ ಶೋವೇ (1907–1989) ಹೇಳಿಕೊಟ್ಟ ದಾರಿಯಲ್ಲಿ, 1980ರ ದಶಕದಲ್ಲಿ ಮಾರ್ಸೆಲ್ ಲಪಿಯೇರ್, ಝಾಂ ಫೊಯಾರ್ ಮುಂತಾದ ಮೊರ್ಗೋಂ ಬೆಳೆಗಾರರು ವೈನ್ ಕೆಡದಿರಲೆಂದು ಹಾಕುವ ಗಂಧಕವನ್ನು ತೀರಾ ಕಡಿಮೆ ಮಾಡಿ, ಹೊರಗಿನ ಯೀಸ್ಟ್ ಹಾಕದೆ ವೈನ್ ಮಾಡತೊಡಗಿದರು. ಇವತ್ತಿನ ‘ನ್ಯಾಚುರಲ್ ವೈನ್’ ಅನ್ನುವ ಮಾತಿಗೆ ಈ ಊರು ಒಂದು ತವರು. ಇಂಥ ವೈನ್ ಕುಡಿಯಲು ಸೊಗಸು. ಆದರೆ ಗಂಧಕ ಕಡಿಮೆ ಇದ್ದಷ್ಟೂ ಬಿಸಿಗೆ ಬೇಗ ಕೆಡುತ್ತದೆ. ನಮ್ಮ ಊರಿನ ಸೆಕೆಗೆ ಒಯ್ಯುವುದಾದರೆ ಇದನ್ನು ಕೇಳಿಕೊಂಡೇ ಕೊಳ್ಳಿ.

ಹಂತ 5: ತೋಟಕ್ಕೇ ಹೋಗಿ ಕೊಳ್ಳುವುದು

ಲಿಯೋಂನ ಪಾರ್-ದಿಯೂ ನಿಲ್ದಾಣದಿಂದ ಬೆಲ್‌ವಿಲ್‌ಗೆ ಲೋಕಲ್ ರೈಲು ಇದೆ. ಅಲ್ಲಿಂದ ಟ್ಯಾಕ್ಸಿ ಅಥವಾ ಸೈಕಲ್. ಕಾರಲ್ಲಿ ಹೋದರೆ ಓಡಿಸುವವರು ಗ್ಲಾಸ್ ಮುಟ್ಟದಿರುವುದೇ ಸರಿ. ಅಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮಿತಿ, ಪೊಲೀಸರು ಬಿಡುವುದಿಲ್ಲ.

ಮೊದಲೇ ಫೋನ್ ಮಾಡಿ ಅಥವಾ ಮೇಲ್ ಬರೆದು ಸಮಯ ಕೇಳಿ. ಇದು ಅಂಗಡಿಯಲ್ಲ, ಅವರ ಮನೆ. ಮಧ್ಯಾಹ್ನ 12ರಿಂದ 2ರವರೆಗೆ ಊಟದ ಹೊತ್ತು, ಬಾಗಿಲು ತಟ್ಟಬೇಡಿ. ಕೊಯ್ಲಿನ ದಿನಗಳಲ್ಲಿ ಹೋಗಲೇಬೇಡಿ. ಒಳಗೆ ಕಾಲಿಡುವಾಗ "ಬೋಂಝೂರ್ ಮದಾಂ" ಅಥವಾ "ಬೋಂಝೂರ್ ಮೊಸ್ಯೂ" ಅನ್ನಿ. ಈ ಒಂದು ಮಾತು ಬಿಟ್ಟು ನೇರ ಬೆಲೆ ಕೇಳಿದರೆ ಅವರ ಮುಖ ಗಂಟಾಗುತ್ತದೆ.

ಎಳೆಯದರಿಂದ ಶುರುಮಾಡಿ ಹಳೆಯದಕ್ಕೆ ರುಚಿ ತೋರಿಸುತ್ತಾರೆ. ಪಕ್ಕದಲ್ಲಿ ಉಗುಳಲು ಒಂದು ಪಾತ್ರೆ ಇರುತ್ತದೆ. ಉಗುಳಿದರೆ ಅವಮಾನ ಅಂತ ನಮ್ಮವರು ಹಿಂಜರಿಯುತ್ತಾರೆ. ಹಾಗೇನಿಲ್ಲ. ಆರು ಬಗೆ ನುಂಗಿದರೆ ಏಳನೆಯದರ ರುಚಿ ತಿಳಿಯುವುದಿಲ್ಲ, ಮಾಡಿದವರೂ ಉಗುಳಿಯೇ ನೋಡುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಮೂರು: ಯಾವ ಪಟ್ಟಿಯ ಹಣ್ಣು? ಗಂಧಕ ಎಷ್ಟು ಹಾಕಿದ್ದೀರಿ? ಈಗ ಕುಡಿಯಲಾ, ಇಡಲಾ? ತೋಟದ ಬೆಲೆ ಸಾಮಾನ್ಯವಾಗಿ ಬಾಟಲಿಗೆ 12ರಿಂದ 25 ಯುರೋ. ಚೌಕಾಸಿ ಮಾಡಬೇಡಿ. ರುಚಿ ನೋಡಿ ಬರಿಗೈಲಿ ಬರಲೂಬೇಡಿ, ಒಂದೆರಡಾದರೂ ಕೊಳ್ಳಿ.

ಹಂತ 6: ಊರಿಗೆ ತರುವುದು

ಭಾರತಕ್ಕೆ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಲು ಅವಕಾಶ. ಬಾಟಲಿ 750 ಮಿ.ಲೀ. ಅಂದರೆ ಎರಡು ಸಲೀಸು, ಮೂರನೆಯದಕ್ಕೆ ಮಿತಿ ದಾಟುತ್ತದೆ. ತೋಟದಲ್ಲಿ ಕೊಂಡದ್ದು ಕೈಚೀಲದಲ್ಲಿ ಬರುವುದಿಲ್ಲ, ಚೆಕ್-ಇನ್ ಲಗೇಜಿಗೇ ಹಾಕಬೇಕು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಸ್ವೆಟರ್ ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಇಡಿ. ಎರಡು ಬಾಟಲಿ ಒಂದಕ್ಕೊಂದು ತಾಗಬಾರದು. ಬಂದ ಮೇಲೆ ಒಂದು ವಾರ ಸುಮ್ನೆ ಬಿಡಿ. ಕುಲುಕಾಟದಿಂದ ಸುಧಾರಿಸಿಕೊಳ್ಳಲಿ.

ಹಂತ 7: ಮನೆಯಲ್ಲಿ ಇಡುವುದು

ಹೆಚ್ಚಿನ ವೈನ್ ಹಾಳಾಗುವುದು ಇಲ್ಲೇ. ನಾನು ಮೊದಲ ಸಲ ತಂದ ಕೋತ್ ದ್ಯು ಪಿ ಬಾಟಲಿಯನ್ನು ದಾವಣಗೆರೆಯ ಮನೆಯ ಅಟ್ಟದ ಮೇಲೆ, ಹಳೆ ಪಾತ್ರೆಗಳ ಹಿಂದೆ ಇಟ್ಟಿದ್ದೆ. ಕತ್ತಲಿದೆ, ಸಾಕು ಅಂದುಕೊಂಡಿದ್ದೆ. ಏಪ್ರಿಲ್, ಮೇ ಕಳೆದು ಜೂನ್‌ನಲ್ಲಿ ತೆಗೆದರೆ ಕಾರ್ಕ್ ಅವರೆಕಾಳಿನಷ್ಟು ಮೇಲೆದ್ದಿತ್ತು. ಹೊದಿಕೆಯ ಕೆಳಗೆ ಅಂಟಂಟು. ಗ್ಲಾಸಿಗೆ ಹಾಕಿದರೆ ಚೆರಿಯೂ ಇಲ್ಲ, ಹೂವೂ ಇಲ್ಲ. ಸೀದ ಬೆಲ್ಲದ ಪಾಕದ ವಾಸನೆ. ಅವತ್ತು ಆ ಅಜ್ಜಿಯ ಮುಖ ಕಣ್ಣೆದುರು ಬಂದು ತುಂಬ ಸಂಕಟವಾಯಿತು. ಅವರ ಒಂದು ವರ್ಷದ ಬೆಳೆ ಅದು.

ಇಡಲು ಒಳ್ಳೆಯದು 12ರಿಂದ 14 ಡಿಗ್ರಿ. ವೈನ್ ಫ್ರಿಜ್ ಇದ್ದರೆ ಯೋಚನೆಯಿಲ್ಲ. ಇಲ್ಲದಿದ್ದರೆ ಅಟ್ಟ ಬೇಡ, ಫ್ರಿಜ್ಜಿನ ತಲೆಯ ಮೇಲೆ ಬೇಡ, ಒಲೆಯ ಹತ್ತಿರ ಬೇಡ, ಪಶ್ಚಿಮದ ಗೋಡೆಯ ಬೀರು ಬೇಡ. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಕೋಣೆಯಲ್ಲಿ, ನೆಲಕ್ಕೆ ಹತ್ತಿರ, ಅಡ್ಡ ಮಲಗಿಸಿ ಇಡಿ. ಕಾರ್ಕ್ ಒದ್ದೆಯಿದ್ದರೆ ಕುಗ್ಗುವುದಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಇದೂ ಸಾಲದು. ಆಗ ಅಡುಗೆಮನೆಯ ಫ್ರಿಜ್ಜಿನ ತರಕಾರಿ ಡ್ರಾಯರೇ ಮೇಲು. ಕೆಲವು ತಿಂಗಳಿಗೆ ತೊಂದರೆಯಿಲ್ಲ. ತಣ್ಣಗಿಡುವ ಅನುಕೂಲವೇ ಇಲ್ಲ ಅಂದರೆ ಹತ್ತು ವರ್ಷ ಇಡುವ ಆಸೆ ಬಿಟ್ಟು, ತಂದ ಎರಡು ಮೂರು ತಿಂಗಳಲ್ಲಿ ಕುಡಿದುಬಿಡಿ.

ಹಂತ 8: ತಂಪು ಮಾಡಿ, ತೆರೆದು, ಸುರಿಯುವುದು

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಫ್ರಾನ್ಸಿನ ಹಳೆಯ ತಣ್ಣನೆ ಕೋಣೆಗಳಿಗೆ ಹೊಂದುತ್ತದೆ. ನಮ್ಮ 28 ಡಿಗ್ರಿಗೆ ಅಲ್ಲ. ಮೊರ್ಗೋಂಗೆ 14ರಿಂದ 16 ಡಿಗ್ರಿ ಬೇಕು. ಒಗರು ಕಡಿಮೆ ಇರುವುದರಿಂದ ಈ ತಂಪು ಅದಕ್ಕೆ ಒಪ್ಪುತ್ತದೆ. ಹೊರಗಿದ್ದ ಬಾಟಲಿಯಾದರೆ ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ. ಅವಸರವಿದ್ದರೆ ಬಕೆಟ್‌ನಲ್ಲಿ ನೀರು, ಐಸ್ ಎರಡೂ ಹಾಕಿ ಕತ್ತಿನವರೆಗೆ ಮುಳುಗಿಸಿ, ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸ್ ಹಾಕಿದರೆ ನಿಧಾನ. ಬಾಟಲಿ ಮುಟ್ಟಿದರೆ ಹೊಸ ಮಡಕೆಯ ನೀರಿನಷ್ಟು ತಣ್ಣಗೆ ಅನ್ನಿಸಬೇಕು, ಐಸಿನಷ್ಟಲ್ಲ.

ಹೊದಿಕೆಯನ್ನು ಬಾಯಿಯ ಉಬ್ಬಿನ ಕೆಳಗೆ ಸುತ್ತ ಕೊಯ್ಯಿರಿ. ತಿರುಪನ್ನು ಕಾರ್ಕಿನ ಮಧ್ಯಕ್ಕೆ ನೆಟ್ಟು, ಒಂದು ಸುತ್ತು ಉಳಿಯುವ ತನಕ ಇಳಿಸಿ. ನೇರ ಮೇಲಕ್ಕೆ ಎತ್ತಿ, ಓರೆ ಮಾಡಿದರೆ ಕಾರ್ಕ್ ಮುರಿಯುತ್ತದೆ. ಕೆಲವರು ಹೊದಿಕೆಯ ಬದಲು ಮೇಣ ಹಾಕಿರುತ್ತಾರೆ. ಅದನ್ನು ಕೆರೆಯುತ್ತ ಕೂರಬೇಡಿ, ಮೇಣದ ಮೂಲಕವೇ ತಿರುಪು ಇಳಿಸಿ, ಅರ್ಧ ಎತ್ತಿದ ಮೇಲೆ ಚೂರುಗಳನ್ನು ಒರೆಸಿ.

ಗಂಧಕ ಕಡಿಮೆಯ ಎಳೆ ವೈನಿನಲ್ಲಿ ಸಣ್ಣಗೆ ಗ್ಯಾಸ್ ಚುರುಗುಟ್ಟಬಹುದು. ಕೆಟ್ಟಿಲ್ಲ. ಜಗ್ಗಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಹೋಗುತ್ತದೆ. ಐದಾರು ವರ್ಷ ಹಳೆಯದಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಕೂರುತ್ತದೆ, ಕೊನೆಯ ಎರಡು ಬೆರಳು ಬಿಟ್ಟು ಸುರಿಯಿರಿ.

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿ. ಮೊದಲು ಮೂಗು. ಪುಸ್ತಕದಲ್ಲಿ ಚೆರಿ, ರಾಸ್ಪ್‌ಬೆರಿ ಅಂತಿರುತ್ತದೆ. ನನ್ನ ಮೂಗಿಗೆ ಕೋತ್ ದ್ಯು ಪಿಯಲ್ಲಿ ಕಳಿತ ನೇರಳೆ ಸಿಗುತ್ತದೆ, ಹಿಂದೆ ಮಳೆ ಬಿದ್ದ ಕಲ್ಲುನೆಲ. ನಿಮಗೆ ಏನು ಸಿಗುತ್ತದೋ ಅದೇ ಸರಿ. ವಯಸ್ಸಾದ ವೈನ್ ಕಳಿತ ಚೆರಿ, ಒದ್ದೆ ಎಲೆಯ ಕಡೆ ತಿರುಗಿದಾಗ ಅಲ್ಲಿನವರು "ಮೊರ್ಗೊನ್" ಅನ್ನುತ್ತಾರೆ. ಊರಿನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ: ಇದು ಮೊರ್ಗೋಂ ಆಗುತ್ತಿದೆ ಅಂತ.

ಹಂತ 9: ಊಟದ ಜೊತೆ

ಲಿಯೋಂನ ಸಣ್ಣ ಊಟದ ಮನೆಗಳಲ್ಲಿ ಇದನ್ನು ‘ಪೊ’ ಅನ್ನುವ ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯಲ್ಲಿ ತಂದಿಡುತ್ತಾರೆ. ಜೊತೆಗೆ ಒಣ ಸಾಸೇಜ್, ಹುರಿದ ಕೋಳಿ, ಮೆತ್ತನೆಯ ಸಾಂ-ಮಾರ್ಸೆಲಾಂ ಚೀಸ್.

ನಮ್ಮ ಊಟಕ್ಕೆ? ಒಗರು ಜಾಸ್ತಿಯಿರುವ ಕೆಂಪು ವೈನ್ ಖಾರದ ಜೊತೆ ನಾಲಿಗೆ ಸುಡುತ್ತದೆ. ಮೊರ್ಗೋಂ ಹಾಗಲ್ಲ. ಕೊಡಗಿನ ಪಂದಿ ಕರಿಗೆ ನಾನು ಕಂಡಂತೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ. ಕಾಚಂಪುಳಿಯ ಹುಳಿ, ಹಂದಿಯ ಕೊಬ್ಬು, ಕಾಳುಮೆಣಸು, ಮೂರಕ್ಕೂ ಇದು ಉತ್ತರ ಕೊಡುತ್ತದೆ. ಸಸ್ಯಾಹಾರಿಗಳು ಅಣಬೆ ಪಲ್ಯ, ಕಡುಬಿನ ಜೊತೆ ನೋಡಿ. ಹಸಿಮೆಣಸಿನ ತೀರಾ ಖಾರದ ಸಾರಿಗೆ ಮಾತ್ರ ಯಾವ ವೈನೂ ಬೇಡ, ಎರಡೂ ಹಾಳು.

ಉಳಿದರೆ

ಕಾರ್ಕ್ ತಿರುಗಿ ಹಾಕಿ ಫ್ರಿಜ್ಜಿನಲ್ಲಿಡಿ. ಎರಡನೇ ದಿನ ಗಟ್ಟಿ ಗುಡ್ಡದ್ದು ಇನ್ನೂ ಚೆನ್ನಾಗಿ ಬಿಚ್ಚಿಕೊಂಡಿರುತ್ತದೆ. ಮೂರನೇ ದಿನಕ್ಕೆ ಅಡುಗೆಗೆ. ಆ ಮನೆಯ ಅಜ್ಜಿ ಬಾಟಲಿಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದು ಪಾತ್ರೆಗೆ ಬಗ್ಗಿಸಿ, ಈರುಳ್ಳಿ, ಹಂದಿ ಮಾಂಸದ ಚೂರು ಹಾಕಿ ಅರ್ಧಕ್ಕಿಳಿಯುವ ತನಕ ಕುದಿಸುತ್ತಿದ್ದರು. ಆಮೇಲೆ ಅದರೊಳಗೆ ಮೊಟ್ಟೆ ಒಡೆದು ಬಿಟ್ಟು, ಬಿಳಿ ಗಟ್ಟಿಯಾದ ತಕ್ಷಣ ಎತ್ತಿ, ಬೆಳ್ಳುಳ್ಳಿ ಉಜ್ಜಿದ ಸುಟ್ಟ ಬ್ರೆಡ್ ಮೇಲೆ ಇಟ್ಟು ಕೊಡುತ್ತಿದ್ದರು.